ಕಾಣಲೆಂದೇ ಹಚ್ಚುವ ದೀಪ: ಹನುಕ್ಕಾ ಪವಾಡದ ಆಧ್ಯಾತ್ಮಿಕ ಅರ್ಥ

ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 25ರಿಂದ ಎಂಟು ದಿನ ಆಚರಿಸುವ ಹನುಕ್ಕಾ ಹಬ್ಬದ ಹಿಂದೆ ಎರಡು ಪವಾಡಗಳಿವೆ. ಸೆಲ್ಯೂಸಿಡ್ ಅರಸ ನಾಲ್ಕನೆಯ ಆಂಟಿಯೋಕಸ್‌ನ ಸೇನೆಯನ್ನು ಯೂದ ಮಕ್ಕಬಿಯ ಸಣ್ಣ ಪಡೆ ಸೋಲಿಸಿದ್ದು ಒಂದು. ಒಂದೇ ದಿನಕ್ಕೆ ಸಾಲುವಷ್ಟಿದ್ದ ಎಣ್ಣೆಯಿಂದ ಜೆರುಸಲೇಮ್ ದೇವಾಲಯದ ದೀಪಸ್ತಂಭ ಎಂಟು ದಿನ ಉರಿದದ್ದು ಇನ್ನೊಂದು. ಇವುಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂಬುದನ್ನು ಇತಿಹಾಸಕಾರರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಪವಾಡಕ್ಕೆ ಯೆಹೂದಿ ಪರಂಪರೆ ಕೊಟ್ಟ ಅರ್ಥವನ್ನು ಕಥೆಗಿಂತ ಹೆಚ್ಚಾಗಿ ದೀಪ ಹಚ್ಚುವ ವಿಧಿಗಳಲ್ಲಿ ಹುಡುಕಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಹಳೆಯ ಆಕರಗಳಲ್ಲಿ ಕಾಣದ ಎಣ್ಣೆ

ಕ್ರಿ.ಪೂ. 167ರಲ್ಲಿ ಅಪವಿತ್ರಗೊಂಡ ದೇವಾಲಯವನ್ನು ಯೂದ ಮಕ್ಕಬಿ ಕ್ರಿ.ಪೂ. 164ರಲ್ಲಿ ಶುದ್ಧಿಗೊಳಿಸಿ ಪುನಃ ಪ್ರತಿಷ್ಠಾಪಿಸಿದ. ಮಕ್ಕಬಿಯರ ಮೊದಲನೆಯ ಗ್ರಂಥ ಹೊಸ ಯಜ್ಞವೇದಿಯನ್ನೂ ಎಂಟು ದಿನಗಳ ಉತ್ಸವವನ್ನೂ ವರ್ಣಿಸುತ್ತದೆ. ದೀಪಗಳನ್ನು ಹಚ್ಚಿದರೆಂದೂ ಹೇಳುತ್ತದೆ. ಆದರೆ ಎಣ್ಣೆಯ ಪವಾಡದ ಸುದ್ದಿಯೇ ಅಲ್ಲಿಲ್ಲ. ಎರಡನೆಯ ಗ್ರಂಥ ಎಂಟು ದಿನಗಳಿಗೆ ಬೇರೆಯೇ ಕಾರಣ ಕೊಡುತ್ತದೆ: ಹೋರಾಟಗಾರರು ಬೆಟ್ಟ ಗುಹೆಗಳಲ್ಲಿ ಅಡಗಿದ್ದಾಗ ಪರ್ಣಶಾಲೆಗಳ ಹಬ್ಬವನ್ನು ಸರಿಯಾಗಿ ಆಚರಿಸಲಾಗಿರಲಿಲ್ಲ, ಅದರ ಮಾದರಿಯಲ್ಲಿ ಈ ಉತ್ಸವ ನಡೆಯಿತು. ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲಿ ಬರೆದ ಜೋಸೆಫಸ್ ಹಬ್ಬವನ್ನು 'ಬೆಳಕುಗಳು' ಎಂದು ಕರೆಯುತ್ತಾನೆ. ಆ ಹೆಸರಿಗೆ ಅವನು ಊಹಿಸುವ ಕಾರಣ, ನಿರೀಕ್ಷೆಯೇ ಇಲ್ಲದಿದ್ದಾಗ ಸಿಕ್ಕ ಸ್ವಾತಂತ್ರ್ಯ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ನಿಯಮಸಂಗ್ರಹ ಮಿಶ್ನಾದಲ್ಲಿ ಈ ಹಬ್ಬಕ್ಕೆಂದು ಪ್ರತ್ಯೇಕ ಭಾಗವೇ ಇಲ್ಲ.

ಎಣ್ಣೆಯ ಕಥೆ ವಿವರವಾಗಿ ಸಿಗುವುದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿಯನ್ ತಾಲ್ಮುದ್‌ನ ಶಬ್ಬಾತ್ ಭಾಗದಲ್ಲಿ. ಗ್ರೀಕರು ದೇವಾಲಯದ ಎಣ್ಣೆಯನ್ನೆಲ್ಲ ಕೆಡಿಸಿದ್ದರು, ಮಹಾಯಾಜಕನ ಮುದ್ರೆಯಿದ್ದ ಒಂದು ಕುಡಿಕೆ ಮಾತ್ರ ಉಳಿದಿತ್ತು, ಅದರಲ್ಲಿದ್ದ ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತು ಎನ್ನುತ್ತದೆ ಅದು. ಘಟನೆಗೂ ಈ ನಿರೂಪಣೆಗೂ ನಡುವೆ ಹಲವು ಶತಮಾನಗಳ ಅಂತರವಿದೆ.

ಪಲ್ಲಟವೊ, ಪಾಲುಹಂಚಿಕೆಯೊ?

ಈ ಅಂತರಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ರಾಜಕೀಯವಾದದ್ದು. ಮಕ್ಕಬಿಯರ ಹಸ್ಮೋನಿಯನ್ ವಂಶ ಯಾಜಕತ್ವದ ಜೊತೆಗೆ ರಾಜಪದವಿಯನ್ನೂ ತನ್ನದಾಗಿಸಿಕೊಂಡಿತು. ರಬ್ಬಿಗಳ ಪೂರ್ವಸೂರಿಗಳೆನಿಸಿದ ಫರಿಸಾಯರೊಂದಿಗೆ ಅದರ ಸಂಬಂಧ ಕೆಟ್ಟಿತು. ಮುಂದೆ 132–135ರ ಬಾರ್ ಕೊಖ್ಬಾ ದಂಗೆಯನ್ನು ರೋಮ್ ಹೊಸಕಿಹಾಕಿತು. ಹೀಗಾಗಿ ರಬ್ಬಿಗಳು ಕತ್ತಿಯ ನೆನಪನ್ನು ಸರಿಸಿ ಎಣ್ಣೆಯನ್ನು ಮುಂದಿಟ್ಟರು ಎನ್ನುತ್ತದೆ ಈ ವಿವರಣೆ. ಹಸ್ಮೋನಿಯನ್ನರ ರಾಜ್ಯಲೋಭವನ್ನು 13ನೆಯ ಶತಮಾನದ ವಿದ್ವಾಂಸ ನಾಖ್ಮಾನಿಡಿಸ್ ಕೂಡ ಖಂಡಿಸಿದ್ದುಂಟು.

ಆದರೆ ಪ್ರಾರ್ಥನಾ ಪಠ್ಯ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಹಬ್ಬದ ಎಂಟೂ ದಿನ ನಿತ್ಯಪ್ರಾರ್ಥನೆಗೆ ಸೇರಿಸಿ ಹೇಳುವ 'ಅಲ್ ಹನಿಸ್ಸೀಮ್' ಸ್ಮರಿಸುವುದು ಬಲಶಾಲಿಗಳು ದುರ್ಬಲರ ಕೈಗೆ, ಹಲವರು ಕೆಲವರ ಕೈಗೆ ಸಿಕ್ಕಿದ್ದನ್ನು. ದೇವಾಲಯದ ಅಂಗಳದಲ್ಲಿ ದೀಪ ಹಚ್ಚಿದ ಮಾತು ಅಲ್ಲಿದೆ, ಸಾಲದಿದ್ದ ಎಣ್ಣೆ ಸಾಲಿದ ಮಾತಿಲ್ಲ. ಮೈಮೊನಿಡಿಸ್ ತನ್ನ 12ನೆಯ ಶತಮಾನದ ಧರ್ಮಸಂಹಿತೆಯಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ರಾಜ್ಯ ಮರಳಿ ದೊರೆತದ್ದನ್ನೂ ಎಣ್ಣೆಯ ಪವಾಡವನ್ನೂ ಒಟ್ಟಿಗೇ ಹೇಳುತ್ತಾನೆ. ಅಂದರೆ ಒಂದು ನೆನಪು ಇನ್ನೊಂದನ್ನು ಹೊರದಬ್ಬಿಲ್ಲ. ಯುದ್ಧದ ನೆನಪು ನಾಲಿಗೆಯ ಪಾಲಿಗೆ ಬಂತು, ಎಣ್ಣೆಯ ನೆನಪು ಕಣ್ಣಿನ ಪಾಲಿಗೆ.

ಈ ಎರಡನ್ನೂ ಬೆಸೆಯುವ ಸೂತ್ರ ಪ್ರಾಗ್ ನಗರದ ರಬ್ಬಿ ಮಹರಾಲ್ ಬರೆದ 'ನೇರ್ ಮಿಟ್ಸ್‌ವಾ'ದಲ್ಲಿದೆ. ಗೆಲುವನ್ನು ಶೌರ್ಯದ ಫಲವೆಂದು ಯಾರೂ ಹೇಳಬಹುದು. ಎಣ್ಣೆಯ ವಿಷಯದಲ್ಲಿ ಆ ವಿವರಣೆ ನಡೆಯದು. ಆದ್ದರಿಂದ ದೀಪದ ಪವಾಡ ಯುದ್ಧದ ಪವಾಡಕ್ಕೆ ಭಾಷ್ಯವಾಗುತ್ತದೆ: ಗೆದ್ದವರು ಗೆಲುವನ್ನು ತಮ್ಮದೆಂದು ಬೀಗದಂತೆ ತಡೆಯುತ್ತದೆ.

ಏಳು ದಿನವೋ ಎಂಟೋ

ಒಂದು ದಿನದ ಎಣ್ಣೆ ಇದ್ದೇ ಇತ್ತಲ್ಲ? ಹಾಗಾದರೆ ಪವಾಡ ನಡೆದದ್ದು ಏಳೇ ದಿನ. ಹಬ್ಬವೇಕೆ ಎಂಟು ದಿನ? 16ನೆಯ ಶತಮಾನದ ಧರ್ಮಶಾಸ್ತ್ರಜ್ಞ ಯೋಸೇಫ್ ಕಾರೊ ಎತ್ತಿದ ಈ ಪ್ರಶ್ನೆಗೆ ಅವನೇ ಮೂರು ಉತ್ತರ ಕೊಟ್ಟ. ಎಣ್ಣೆಯನ್ನು ಮೊದಲೇ ಎಂಟು ಪಾಲು ಮಾಡಿದ್ದರು, ಪ್ರತಿ ಪಾಲೂ ಇಡೀ ರಾತ್ರಿ ಉರಿಯಿತು. ದೀಪಕ್ಕೆ ಸುರಿದ ಮೇಲೂ ಕುಡಿಕೆ ತುಂಬಿಯೇ ಇತ್ತು. ರಾತ್ರಿಯಿಡೀ ಉರಿದರೂ ಬೆಳಿಗ್ಗೆ ಬಟ್ಟಲುಗಳು ತುಂಬಿಯೇ ಇದ್ದವು. ಮೂರೂ ಉತ್ತರಗಳ ಗುರಿ ಒಂದೇ, ಮೊದಲ ದಿನದಲ್ಲೂ ಪವಾಡವನ್ನು ಕಾಣಿಸುವುದು.

ಇದಕ್ಕಿಂತ ಆಳವಾದ ಉತ್ತರವೊಂದು ಮುಂದೆ ರೂಪುಗೊಂಡಿತು. ತಾಲ್ಮುದ್‌ನ ಒಂದು ಕಥೆಯಲ್ಲಿ ರಬ್ಬಿ ಹನೀನಾ ಬೆನ್ ದೋಸಾನ ಮಗಳು ವಾರದ ವಿಶ್ರಾಂತಿದಿನವಾದ ಸಬ್ಬತ್‌ನ ದೀಪಕ್ಕೆ ಎಣ್ಣೆಯ ಬದಲು ವಿನೆಗರ್ ಸುರಿದು ಸಪ್ಪಗಾಗುತ್ತಾಳೆ. ಎಣ್ಣೆಗೆ ಉರಿಯೆಂದವನೇ ವಿನೆಗರಿಗೂ ಉರಿಯೆನ್ನಲಿ ಎಂಬುದು ತಂದೆಯ ಸಮಾಧಾನ. ಈ ನೆಲೆಯಿಂದ ನೋಡಿದರೆ ಮೊದಲ ದಿನದ ಎಣ್ಣೆ ಎಂದಿನಂತೆ ಉರಿದದ್ದೂ ಪವಾಡವೇ. ನಮಗೆ ಒದಗುವುದೆಲ್ಲ ಪವಾಡ ಎಂದು ನಾಖ್ಮಾನಿಡಿಸ್ ಹೇಳಿದ 'ಗುಪ್ತ ಪವಾಡ'ದ ತತ್ತ್ವವೂ ಇದೇ ದಿಕ್ಕಿನದು. ಏಳು ದಿನಗಳ ಅಸಾಧಾರಣ ಬೆಳಕಿನ ಕೆಲಸ, ಸಾಧಾರಣವೆಂದು ಕಡೆಗಣಿಸಿದ ಮೊದಲ ದಿನದ ಬೆಳಕನ್ನು ಎತ್ತಿ ತೋರಿಸುವುದು. ಹಸಿದೀ ಭಕ್ತಿಪಂಥದ ಗೆರ್ ಪರಂಪರೆಯಲ್ಲಿ 'ಸ್ಫತ್ ಎಮೆತ್' ಎಂದು ಹೆಸರಾದ ಗುರು (1847–1905) ಒಳಮುಖವಾಗಿ ನೋಡುತ್ತಾನೆ: ಹೊರಗಿನ ಯಾವ ಶಕ್ತಿಯೂ ಕೆಡಿಸಲಾಗದ ಅಂತರಂಗದ ಬಿಂದುವೊಂದು ಮನುಷ್ಯನಲ್ಲಿದೆ, ಮುದ್ರೆಯೊಡೆಯದ ಕುಡಿಕೆ ಅದರ ಸಂಕೇತ.

ವಿಧಿಯಲ್ಲಿ ಅಡಗಿದ ದರ್ಶನ

ಎಂಟರಿಂದ ಆರಂಭಿಸಿ ದಿನಕ್ಕೊಂದು ದೀಪ ಕಡಿಮೆ ಮಾಡುತ್ತ ಬರಬೇಕೆಂದು ರಬ್ಬಿಗಳಲ್ಲಿ ಶಮ್ಮಾಯ್ ಪಂಥ ಹೇಳಿತು, ಒಂದರಿಂದ ಹೆಚ್ಚಿಸುತ್ತ ಹೋಗಬೇಕೆಂದು ಹಿಲ್ಲೆಲ್ ಪಂಥ. ಪರ್ಣಶಾಲೆಗಳ ಹಬ್ಬದ ಹೋರಿ ಬಲಿಗಳು ದಿನಕ್ಕೊಂದರಂತೆ 13ರಿಂದ 7ಕ್ಕೆ ಇಳಿಯುವುದು ಶಮ್ಮಾಯ್ ಪಂಥದ ವಾದಕ್ಕೆ ತಾಲ್ಮುದ್ ಕೊಡುವ ಒಂದು ಆಧಾರ. ಮಕ್ಕಬಿಯರ ಎರಡನೆಯ ಗ್ರಂಥ ಹೇಳಿದ್ದ ನಂಟಿನ ಎಳೆ ಇಲ್ಲಿ ಉಳಿದಿರುವಂತೆ ತೋರುತ್ತದೆ. ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದು ಎಂಬ ಹಿಲ್ಲೆಲ್ ಪಂಥದ ತರ್ಕವೇ ಆಚರಣೆಗೆ ಬಂತು.

ಉಳಿದ ನಿಯಮಗಳೆಲ್ಲ ನೋಟದ ಸುತ್ತ ಹೆಣೆದಿವೆ. ದೀಪವನ್ನು ಬಾಗಿಲ ಹೊರಗೆ, ಸೂರ್ಯಾಸ್ತದಿಂದ ಪೇಟೆಯ ಜನಸಂಚಾರ ನಿಲ್ಲುವವರೆಗೆ ಉರಿಯುವಂತೆ ಇಡಬೇಕು. 20 ಮೊಳಕ್ಕಿಂತ ಎತ್ತರದಲ್ಲಿಟ್ಟರೆ ಅದು ಸಲ್ಲದು, ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಹಚ್ಚಿದವನು ಮಾತ್ರವಲ್ಲ, ಅದನ್ನು ಕಂಡವನೂ ಸ್ತುತಿವಚನ ಹೇಳಬೇಕು. ಅಪಾಯದ ಕಾಲದಲ್ಲಿ ಮೇಜಿನ ಮೇಲಿಟ್ಟರೂ ಸಾಕು. ಪವಾಡವನ್ನು ಸಾರುವುದು, ಅಂದರೆ 'ಪಿರ್ಸುಮೇ ನಿಸ್ಸಾ', ಇವೆಲ್ಲದರ ಉದ್ದೇಶ. ಬೀದಿಯಲ್ಲಿ ಅಗಸೆನಾರು ಹೊತ್ತು ಹೋಗುವ ಒಂಟೆಯಿಂದ ಅಂಗಡಿಯವನು ಹೊರಗಿಟ್ಟ ದೀಪಕ್ಕೆ ನಾರು ತಗುಲಿ ಬೆಂಕಿ ಹೊತ್ತಿಕೊಂಡರೆ ನಷ್ಟದ ಹೊಣೆ ಅಂಗಡಿಯವನದು. ಅದು ಹನುಕ್ಕಾ ದೀಪವಾದರೆ ಅವನ ತಪ್ಪಿಲ್ಲ ಎಂದು ಮಿಶ್ನಾದಲ್ಲಿ ರಬ್ಬಿ ಯೆಹೂದ ಹೇಳುತ್ತಾನೆ.

ಇದರ ಜೊತೆಗೇ ಒಂದು ನಿರ್ಬಂಧವಿದೆ. ಈ ಬೆಳಕನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ. ಅದರಲ್ಲಿ ಹಣ ಎಣಿಸುವುದೂ ಸಲ್ಲದು. ಬಳಕೆಗೆ ಬೇರೆ ದೀಪ ಬೇಕು. ಪವಾಡವೆಂದರೆ ಇಷ್ಟಾರ್ಥ ಪಡೆಯುವ ಉಪಾಯವಲ್ಲ ಎಂಬ ದೊಡ್ಡ ಮಾತನ್ನು ಈ ನಿಯಮ ಉಪದೇಶದ ಸೋಂಕಿಲ್ಲದೆ ಆಡಿಬಿಡುತ್ತದೆ.

ಪವಾಡ ಮತ್ತು ಮನೆ

ಭಿಕ್ಷೆಯಿಂದ ಬದುಕುವವನೂ ಸಾಲ ಮಾಡಿಯೋ ಉಟ್ಟ ಬಟ್ಟೆ ಮಾರಿಯೋ ಹನುಕ್ಕಾ ಎಣ್ಣೆ ಕೊಳ್ಳಬೇಕು ಎನ್ನುವ ಮೈಮೊನಿಡಿಸ್, ಅದೇ ಅಧ್ಯಾಯದ ಕೊನೆಯಲ್ಲಿ ಒಂದು ಇಕ್ಕಟ್ಟನ್ನು ಮುಂದಿಡುತ್ತಾನೆ. ಕೈಯಲ್ಲಿರುವುದು ಒಂದೇ ದೀಪಕ್ಕಾಗುವಷ್ಟು: ಮನೆ ಬೆಳಗುವ ಸಬ್ಬತ್ ದೀಪವೋ, ಹನುಕ್ಕಾ ದೀಪವೋ? ಮನೆಯ ದೀಪವೇ ಮೊದಲು ಎಂಬುದು ತಾಲ್ಮುದ್ ಆಧರಿಸಿದ ಅವನ ತೀರ್ಪು. ಕತ್ತಲಲ್ಲಿ ಮನೆಯ ನೆಮ್ಮದಿ ಕೆಡುತ್ತದೆ. ಧರ್ಮಶಾಸ್ತ್ರವೆಲ್ಲ ಇರುವುದೇ ಲೋಕದಲ್ಲಿ ಶಾಂತಿ ನೆಲೆಸಲೆಂದು. ಬಟ್ಟೆ ಮಾರಿಯಾದರೂ ಸಾರಬೇಕಾದ ಪವಾಡ ಮನೆಮಂದಿಯ ಶಾಂತಿಗೆ ದಾರಿ ಬಿಡುತ್ತದೆ. ಎಣ್ಣೆ ನಿಜಕ್ಕೂ ಎಂಟು ದಿನ ಉರಿಯಿತೇ ಎಂಬ ಪ್ರಶ್ನೆಗೆ ಆಕರಗಳ ಚರ್ಚೆ ಏನೇ ಉತ್ತರ ಕೊಡಲಿ, ಈ ಪರಂಪರೆ ಪವಾಡವನ್ನು ಅಳೆದದ್ದು ಅದು ಪ್ರಕೃತಿಯನ್ನು ಎಷ್ಟು ಮೀರಿತು ಎಂಬುದರಿಂದಲ್ಲ, ಮನುಷ್ಯರ ನಡುವೆ ಏನನ್ನು ಕಾಯುತ್ತದೆ ಎಂಬುದರಿಂದ.