ರಮ್ ಬೆರೆಸಿದ ಬಿಸಿ ಚಾಕೊಲೇಟ್: ರುಚಿಯ ಗುಟ್ಟು ಹಾಲಿನಲ್ಲಿ, ಎಚ್ಚರ ಅಳತೆಯಲ್ಲಿ

ಧಾರವಾಡ: ಪುಷ್ಯ ಮಾಸದ ಚಳಿ ಅವಳಿ ನಗರವನ್ನು ಆವರಿಸಿದಾಗ ಸಂಜೆಯ ನಂತರ ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿ ಬೆಚ್ಚಗೆ ಕುಳಿತುಕೊಳ್ಳುವುದೇ ಹಿತವೆನಿಸುತ್ತದೆ. ಅಂಥ ರಾತ್ರಿಗಳಿಗೆಂದು ಪಾಶ್ಚಾತ್ಯ ದೇಶಗಳಲ್ಲಿ ರೂಢಿಯಲ್ಲಿರುವ ಪಾನೀಯಗಳಲ್ಲಿ ರಮ್ ಬೆರೆಸಿದ ಬಿಸಿ ಚಾಕೊಲೇಟ್ ಒಂದು. ಇದನ್ನು ತಯಾರಿಸುವುದು ಕಷ್ಟವಲ್ಲ. ಆದರೆ ಸಿಹಿ ಹಾಗೂ ಕೋಕೋ ಸೇರಿ ಮದ್ಯದ ಖಾರವನ್ನು ಮರೆಮಾಚುವುದರಿಂದ ಎಷ್ಟು ಕುಡಿದೆವೆಂಬುದು ನಾಲಿಗೆಗೆ ತಿಳಿಯುವುದಿಲ್ಲ. ಆದ್ದರಿಂದ ಪಾಕದಷ್ಟೇ ಅಳತೆಯನ್ನೂ ಅರಿತಿರುವುದು ಅಗತ್ಯ.

ಪದಾರ್ಥಗಳೆಲ್ಲ ನಾಡಿನವೇ

ಹೆಸರು ಪರದೇಶದ್ದಾದರೂ ಈ ಪಾನೀಯಕ್ಕೆ ಬೇಕಾದ ಮುಖ್ಯ ಪದಾರ್ಥಗಳೆಲ್ಲ ಕರ್ನಾಟಕದಲ್ಲಿಯೇ ದೊರೆಯುತ್ತವೆ. ಹುಬ್ಬಳ್ಳಿ-ಧಾರವಾಡ ನಡುವಿನ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಧಾರವಾಡ ಹಾಲು ಒಕ್ಕೂಟದ ಡೇರಿ ಇದೆ. ಸುತ್ತಲಿನ ಹಳ್ಳಿಗಳ ಸಹಕಾರಿ ಸಂಘಗಳಿಂದ ಇಲ್ಲಿಗೆ ಬಂದ ಹಾಲು ಸಂಸ್ಕರಣೆಗೊಂಡು ನಂದಿನಿ ಹೆಸರಿನಲ್ಲಿ ಅವಳಿ ನಗರದ ಮನೆಗಳನ್ನು ತಲುಪುತ್ತದೆ.

ಕೋಕೋ ದಕ್ಷಿಣ ಕನ್ನಡದ ಕೊಡುಗೆ. ಅಲ್ಲಿನ ಕೃಷಿಕರು 'ಕೊಕ್ಕೋ' ಎಂದು ಕರೆಯುವ ಈ ಬೆಳೆ 1960ರ ದಶಕದಿಂದೀಚೆಗೆ ಅಡಿಕೆ ಹಾಗೂ ತೆಂಗಿನ ತೋಟಗಳ ನಡುವೆ ಉಪಬೆಳೆಯಾಗಿ ಹಬ್ಬಿತು. 1980ರ ಸುಮಾರಿಗೆ ದರ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಅಡಿಕೆ ಬೆಳೆಗಾರರ ಹಿತರಕ್ಷಣೆಗಾಗಿ ಮಂಗಳೂರಿನಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೋಕೋ ಖರೀದಿಗೂ ಮುಂದಾಯಿತು. ಖರೀದಿಸಿದ ಬೀಜಕ್ಕೆ ಮಾರುಕಟ್ಟೆ ಒದಗಿಸಲು 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು.

ಇನ್ನು ರಮ್. ಭಾರತದಲ್ಲಿ ತಯಾರಾಗುವ ರಮ್‌ನ ಬಹುಭಾಗಕ್ಕೆ ಮೂಲವಸ್ತು ಕಬ್ಬಿನ ಕಾಕಂಬಿ, ಅಂದರೆ ಸಕ್ಕರೆ ತೆಗೆದ ನಂತರ ಉಳಿಯುವ ಕಪ್ಪು ಪಾಕ. ಕಬ್ಬಿನ ಜಿಲ್ಲೆಯೆನಿಸಿದ ಬೆಳಗಾವಿ ಧಾರವಾಡದ ನೆರೆಯಲ್ಲಿಯೇ ಇದೆ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ ಹಾಗೂ ಅದೇ ನಗರದ ಖೋಡೆ ಸಂಸ್ಥೆ ರಮ್ ತಯಾರಿಕೆಯಲ್ಲಿ ಹೆಸರು ಮಾಡಿವೆ.

ಇತಿಹಾಸದ ಎಳೆ

ಕೋಕೋವನ್ನು ಮೊದಲು ಪಾನೀಯವಾಗಿಸಿದವರು ಮಧ್ಯ ಅಮೆರಿಕದ ಮಾಯಾ ಮೊದಲಾದ ಪ್ರಾಚೀನ ಜನಾಂಗಗಳು. ಅವರ ಪಾನೀಯ ಕಹಿಯಾಗಿತ್ತು. ಅದಕ್ಕೆ ಮೆಣಸಿನಕಾಯಿಯನ್ನೂ ಬೆರೆಸುತ್ತಿದ್ದರು. ಸ್ಪೇನ್ ದೇಶದವರ ಮೂಲಕ ಯುರೋಪನ್ನು ಸೇರಿದ ಮೇಲೆ ಅದಕ್ಕೆ ಸಕ್ಕರೆ ಸೇರಿತು, ಹಾಲು ಜತೆಗೂಡಿತು. 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟನ್ ಮನೆತನ ಕೋಕೋ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆಯಿತು. ಇಂದು ಡಬ್ಬಿಗಳಲ್ಲಿ ಸಿಗುವ ಕೋಕೋ ಪುಡಿ ಆ ಯಂತ್ರದ ಫಲ.

ಚಳಿ ಪ್ರದೇಶಗಳಲ್ಲಿ ಇದಕ್ಕೆ ಮದ್ಯ ಸೇರಿಸುವ ರೂಢಿ ಬೆಳೆಯಿತು. ಫ್ರಾನ್ಸ್‌ನ ಆಲ್ಪ್ಸ್ ಪರ್ವತದ ಊರುಗಳಲ್ಲಿ ಗಿಡಮೂಲಿಕೆಗಳ ಹಸಿರು ಮದ್ಯ ಶಾರ್‌ತ್ರೂಸ್ ಅನ್ನು ಬಿಸಿ ಚಾಕೊಲೇಟ್‌ಗೆ ಬೆರೆಸುತ್ತಾರೆ. ಉತ್ತರ ಜರ್ಮನಿಯ ಕರಾವಳಿಯಲ್ಲಿ ರಮ್ ಬೆರೆಸಿ ಮೇಲೆ ಕೆನೆ ಹಾಕಿದ ಕೋಕೋಗೆ 'ಸತ್ತ ಚಿಕ್ಕಮ್ಮ' ಎಂಬ ಅರ್ಥದ ವಿಚಿತ್ರ ಹೆಸರಿದೆ. ಅಮೆರಿಕದಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಅವಶೇಷಗಳನ್ನು, ಸಾಗಣೆ ವೆಚ್ಚ ಉಳಿಸಲು ಕೋಕೋ ಪೆಟ್ಟಿಗೆಯಲ್ಲಿ ಊರಿಗೆ ಕಳುಹಿಸಲಾಯಿತೆಂಬ ಕಥೆ ಆ ಹೆಸರಿನ ಹಿಂದೆ ಪ್ರಚಲಿತವಾಗಿದೆ.

ಬೇಕಾಗುವ ಪದಾರ್ಥಗಳು (ಇಬ್ಬರಿಗೆ)

ಹಾಲು 400 ಮಿ.ಲೀ., ಸಿಹಿಯಿಲ್ಲದ ಕೋಕೋ ಪುಡಿ 2 ದೊಡ್ಡ ಚಮಚ, ಸಕ್ಕರೆ ಅಥವಾ ಬೆಲ್ಲದ ಪುಡಿ 2 ದೊಡ್ಡ ಚಮಚ, ಡಾರ್ಕ್ ಚಾಕೊಲೇಟ್ ಚೂರು 40 ಗ್ರಾಂ, ಉಪ್ಪು ಒಂದು ಚಿಟಿಕೆ, ದಾಲ್ಚಿನ್ನಿ ಒಂದು ಸಣ್ಣ ಚೂರು, ರಮ್ ಒಟ್ಟು 30 ಮಿ.ಲೀ. (ಲೋಟಕ್ಕೆ 15 ಮಿ.ಲೀ.).

ಹಾಲನ್ನು ಆರಿಸುವಾಗ ಕೊಬ್ಬಿನ ಪ್ರಮಾಣ ಗಮನಿಸಬೇಕು. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ.3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ.4.5, ಫುಲ್ ಕ್ರೀಮ್ ಹಾಲಿನಲ್ಲಿ ಶೇ.6 ಕೊಬ್ಬು ಇರುತ್ತದೆ. ಪಾನೀಯ ಗಟ್ಟಿಯಾಗಿ ಬರಬೇಕೆಂದರೆ ಕೊನೆಯ ಎರಡು ಬಗೆ ಸೂಕ್ತ. ಡ್ರಿಂಕಿಂಗ್ ಚಾಕೊಲೇಟ್ ಹೆಸರಿನ ಪುಡಿಗಳಲ್ಲಿ ಮೊದಲೇ ಸಾಕಷ್ಟು ಸಕ್ಕರೆ ಇರುವುದರಿಂದ, ಅದನ್ನು ಬಳಸುವವರು ಬೇರೆ ಸಕ್ಕರೆ ಹಾಕಬೇಕಿಲ್ಲ.

ತಯಾರಿಸುವ ವಿಧಾನ

ಮೊದಲು ಕೋಕೋ ಪುಡಿ, ಸಕ್ಕರೆ ಹಾಗೂ ಉಪ್ಪನ್ನು ಒಂದು ಬಟ್ಟಲಿನಲ್ಲಿ ಬೆರೆಸಿ, ನಾಲ್ಕೈದು ಚಮಚ ಬಿಸಿ ಹಾಲು ಹಾಕಿ ಗಂಟಿಲ್ಲದಂತೆ ಕಲಸಬೇಕು. ಕೋಕೋದಲ್ಲಿ ಉಳಿದಿರುವ ಕೊಬ್ಬು ನೀರಿನಂಶವನ್ನು ಬೇಗ ಹೀರಲು ಬಿಡುವುದಿಲ್ಲ. ಪುಡಿಯನ್ನು ನೇರವಾಗಿ ಹಾಲಿಗೆ ಸುರಿದರೆ ಗಂಟುಗಳು ತೇಲುವುದು ಇದೇ ಕಾರಣಕ್ಕೆ.

ಉಳಿದ ಹಾಲಿಗೆ ದಾಲ್ಚಿನ್ನಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಹಾಲು ಕುದಿ ಬಂದಾಗ ಕಲಸಿದ ಕೋಕೋ ಸೇರಿಸಿ, ತಳ ಹತ್ತದಂತೆ ಎರಡು ನಿಮಿಷ ಕೈಯಾಡಿಸಬೇಕು. ನಂತರ ಒಲೆ ಆರಿಸಿ, ಚಾಕೊಲೇಟ್ ಚೂರುಗಳನ್ನು ಹಾಕಿ ಕರಗುವವರೆಗೆ ಕಡೆಯಬೇಕು. ಕಡಗೋಲಿನಿಂದ ಕಡೆದರೆ ಮೇಲೆ ಒಳ್ಳೆಯ ನೊರೆ ಬರುತ್ತದೆ.

ರಮ್ ಸೇರಿಸಬೇಕಾದ್ದು ಕಟ್ಟಕಡೆಗೆ. ಪಾನೀಯವನ್ನು ಲೋಟಕ್ಕೆ ಸುರಿದು, ಕೆಲ ನಿಮಿಷ ಆರಲು ಬಿಟ್ಟು, ಪ್ರತಿ ಲೋಟಕ್ಕೂ ಬೇರೆಯಾಗಿ ಅಳೆದು ಹಾಕಬೇಕು. ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲೇ ಕುದಿಯುವುದರಿಂದ ತೀರಾ ಬಿಸಿ ಹಾಲಿಗೆ ಹಾಕಿದರೆ ಅದರ ಆವಿ ಮೂಗಿಗೆ ರಾಚುತ್ತದೆ, ಕೋಕೋದ ಪರಿಮಳ ಅಡಗುತ್ತದೆ. ಉರಿಯುವ ಒಲೆಯ ಬಳಿ ಮದ್ಯ ಸುರಿಯುವುದು ಬೆಂಕಿಯ ದೃಷ್ಟಿಯಿಂದಲೂ ಅಪಾಯ. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಕುಡಿಯುವ ಅಭ್ಯಾಸ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ವರ್ಗೀಕರಿಸಿದೆ. ಹೀಗಾಗಿ ಆರಿಸಿ ಕುಡಿಯುವುದೇ ಲೇಸು.

ಹಾಲು ಒಡೆಯುವುದೇಕೆ?

ಮದ್ಯ ಬಿದ್ದರೆ ಹಾಲು ಒಡೆಯುತ್ತದೆ ಎಂಬ ಅಂಜಿಕೆ ಹಲವರಲ್ಲಿದೆ. ಹಾಲನ್ನು ಒಡೆಯುವುದು ಮುಖ್ಯವಾಗಿ ಹುಳಿ. ರಮ್, ಬ್ರಾಂದಿ, ವಿಸ್ಕಿಗಳಲ್ಲಿ ಹುಳಿಯ ಅಂಶ ಅಲ್ಪವಾಗಿರುವುದರಿಂದ ಒಂದೆರಡು ಚಮಚಕ್ಕೆ ತಾಜಾ ಹಾಲು ಒಡೆಯುವುದಿಲ್ಲ. ವೈನ್, ನಿಂಬೆ ಅಥವಾ ಕಿತ್ತಳೆ ರಸ ಸೇರಿದರೆ ಒಡೆಯಬಹುದು. ಹಳೆಯ ಹಾಲಾದರೆ ಮದ್ಯವಿಲ್ಲದೆಯೂ ಕಾಯಿಸುವಾಗಲೇ ಒಡೆಯುತ್ತದೆ.

ಕಾಯಿಸಿದರೆ ಮದ್ಯ ಹಾರಿಹೋಗುವುದೇ?

ಇದು ವ್ಯಾಪಕವಾಗಿರುವ ತಪ್ಪು ಕಲ್ಪನೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಕುದಿಯುವ ದ್ರವಕ್ಕೆ ಮದ್ಯ ಹಾಕಿ ಒಲೆಯಿಂದ ಇಳಿಸಿದರೆ ಶೇ.85ರಷ್ಟು ಮದ್ಯಸಾರ ಉಳಿದಿರುತ್ತದೆ. 15 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿದರೂ ಶೇ.40, ಒಂದು ಗಂಟೆ ಬೇಯಿಸಿದರೂ ಶೇ.25 ಉಳಿಯುತ್ತದೆ. ಆದ್ದರಿಂದ 'ಕಾಯಿಸಿದ್ದಲ್ಲವೇ' ಎಂದು ಮಕ್ಕಳಿಗೆ ಗುಟುಕು ಕೊಡುವುದು ಸಲ್ಲದು. ಮದ್ಯವಿರುವ ಲೋಟಕ್ಕೂ ಇಲ್ಲದ ಲೋಟಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣದು. ಮಕ್ಕಳಿರುವ ಮನೆಯಲ್ಲಿ ಅವರ ಪಾಲನ್ನು ಮೊದಲೇ ಕೊಟ್ಟು ಮುಗಿಸುವುದು, ದೊಡ್ಡವರಿಗೆ ಬೇರೆ ಬಗೆಯ ಲೋಟ ಬಳಸುವುದು ಕ್ಷೇಮ.

ಮದ್ಯದಿಂದ ಮೈ ಬೆಚ್ಚಗಾಗುತ್ತದೆ ಎಂಬುದೂ ಅರೆಸತ್ಯ. ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚನೆಯ ಅನುಭವವಾಗುತ್ತದೆ. ಆದರೆ ಅದೇ ಕಾರಣಕ್ಕೆ ದೇಹದ ಒಳಗಿನ ಶಾಖ ಹೊರಹೋಗುತ್ತದೆ. ಈ ಪಾನೀಯದಲ್ಲಿ ನಿಜವಾಗಿ ಮೈಯನ್ನು ಬೆಚ್ಚಗಾಗಿಸುವುದು ಬಿಸಿ ಹಾಲೇ ಹೊರತು ರಮ್ ಅಲ್ಲ.

ಒಂದು ಲೋಟದ ಲೆಕ್ಕ

ಭಾರತದಲ್ಲಿ ಮಾರಾಟವಾಗುವ ರಮ್‌ನಲ್ಲಿ ಸಾಮಾನ್ಯವಾಗಿ ಶೇ.42.8 ಮದ್ಯಸಾರ ಇರುತ್ತದೆ. 30 ಮಿ.ಲೀ.ನ ಒಂದು ಸಣ್ಣ ಪೆಗ್‌ನಲ್ಲಿ ಇರುವುದು ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ಅಷ್ಟನ್ನು 200 ಮಿ.ಲೀ. ಬಿಸಿ ಚಾಕೊಲೇಟ್‌ಗೆ ಬೆರೆಸಿದರೆ ಪಾನೀಯದ ತೀಕ್ಷ್ಣತೆ ಶೇ.5.5ರ ಆಸುಪಾಸು, ಅಂದರೆ ಬಿಯರ್‌ನಷ್ಟೇ ಆಗುತ್ತದೆ. ರುಚಿ ಮಾತ್ರ ಬಿಯರ್‌ನಂತೆ ಎಚ್ಚರಿಸುವುದಿಲ್ಲ. ಪರಿಮಳಕ್ಕೆ 15 ಮಿ.ಲೀ., ಎಂದರೆ ಒಂದು ದೊಡ್ಡ ಚಮಚ ಸಾಕು. ಬಾಟಲಿಯಿಂದ ನೇರವಾಗಿ ಸುರಿದರೆ ಇದರ ನಾಲ್ಕು ಪಟ್ಟು ಬಿದ್ದದ್ದೂ ತಿಳಿಯುವುದಿಲ್ಲ.

ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ರೆ ಮಾತ್ರೆ, ಮಧುಮೇಹದ ಔಷಧ ಅಥವಾ ಮೆಟ್ರೊನಿಡಜೋಲ್‌ನಂಥ ಮಾತ್ರೆ ಸೇವಿಸುತ್ತಿರುವವರು, ಕುಡಿತ ಬಿಟ್ಟವರು ರಮ್ ಇಲ್ಲದ ಲೋಟವನ್ನೇ ಆರಿಸಿಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ?

ಕರ್ನಾಟಕದ 1967ರ ಅಬಕಾರಿ ನಿಯಮಗಳಂತೆ 21 ವರ್ಷದೊಳಗಿನವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಹೊರಡಿಸಿದ್ದ ಸರ್ಕಾರ, ಆಕ್ಷೇಪಗಳ ನಂತರ ಅದನ್ನು ಕೈಬಿಟ್ಟಿತು. ಗೋವಾ ಸಮೀಪದಲ್ಲಿರುವುದರಿಂದ ಅಲ್ಲಿನ ಅಗ್ಗದ ರಮ್ ತರುವ ಆಸೆ ಅವಳಿ ನಗರದವರಿಗೆ ಸಹಜ. ಆದರೆ ಪರವಾನಗಿ ಇಲ್ಲದೆ ಹೊರರಾಜ್ಯದ ಮದ್ಯ ತರುವುದು ಅಬಕಾರಿ ಅಪರಾಧ.

ಅತಿಥಿಗಳು ಬಂದಿದ್ದರೆ ಅವರು ಹಿಂತಿರುಗುವ ಬಗೆಯನ್ನೂ ಯೋಚಿಸಬೇಕು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಮದ್ಯಸಾರ ಇದ್ದು ವಾಹನ ಚಲಾಯಿಸಿದರೆ, 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ 10 ಸಾವಿರ ರೂ. ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಚಾಕೊಲೇಟ್ ಜತೆ ಕುಡಿದದ್ದು ಎಂಬ ವಿನಾಯಿತಿ ಕಾನೂನಿನಲ್ಲಿಲ್ಲ.

ರಮ್ ಇಲ್ಲದೆಯೂ

ಮದ್ಯ ಬೇಡವೆನ್ನುವವರು ಇದೇ ಪಾಕಕ್ಕೆ ಸಕ್ಕರೆಯ ಬದಲು ಕಪ್ಪು ಬೆಲ್ಲ, ಎರಡು ಹನಿ ವೆನಿಲ್ಲಾ ಹಾಗೂ ಚಿಟಿಕೆ ಜಾಯಿಕಾಯಿ ಪುಡಿ ಹಾಕಬಹುದು. ರಮ್‌ನ ಮೂಲವಾದ ಕಬ್ಬಿನ ಘಮ ಬೆಲ್ಲದಿಂದಲೂ, ಮರದ ಪೀಪಾಯಿಯಲ್ಲಿ ಮಾಗಿದಾಗ ಬರುವ ಘಮ ವೆನಿಲ್ಲಾದಿಂದಲೂ ತಕ್ಕಮಟ್ಟಿಗೆ ದೊರೆಯುತ್ತವೆ. ಬೆಲ್ಲವನ್ನು ಹಾಲು ಕುದಿಯುವಾಗ ಹಾಕಿದರೆ ಹಾಲು ಒಡೆಯುವ ಸಂಭವವಿದೆ; ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಬೇಕು.