ಹೊನವಾಡವೆಂಬ ಹೆಸರೂ ಮಿಂಚಂಚೆಯ ಜರಡಿಯೂ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಹೊನವಾಡವು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಗ್ರಾಮವಲ್ಲ. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದ, ಕ್ರಿ.ಶ. ೧೦೫೪ರ ಶಾಸನದಲ್ಲಿ ಇದು ಪೊನ್ನವಾಡವೆಂದು ಹೆಸರಿಸಲ್ಪಟ್ಟಿದೆ. ರಾಣಿ ಕೇತಲದೇವಿಯ ಆಡಳಿತಕ್ಕೆ ಒಳಪಟ್ಟಿದ್ದ ಈ ಸ್ಥಳದಲ್ಲಿ ಚಾಂಕಿರಾಜನು ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದನು. ಪಕಾರವು ಹಕಾರವಾಗುವ ಕ್ರಮವನ್ನು ಬಲ್ಲವರಿಗೆ ಪೊನ್ನವಾಡವೇ ಹೊನವಾಡವೆಂದು ತಿಳಿಯಲು ಕ್ಷಣವೂ ಬೇಡ. ಆದರೆ ಇದೇ ಹೆಸರನ್ನು ಹೊತ್ತ ಓಲೆಯು ಇಂದು ಮಿಂಚಂಚೆಯಲ್ಲಿ ಬಂದರೆ, ಅದನ್ನು ಮೊದಲು ಪರೀಕ್ಷಿಸುವುದು ಮನುಷ್ಯನ ಕಣ್ಣಲ್ಲ, ಅಂಚೆಯ ಸರ್ವರಿನಲ್ಲಿ ಕುಳಿತ ಜರಡಿ. ಆ ಜರಡಿಯ ಚರಿತ್ರೆಯನ್ನೂ, ಕನ್ನಡದ ವಿಷಯದಲ್ಲಿ ಅದು ಎಡವುವ ಸ್ಥಾನವನ್ನೂ ಇಲ್ಲಿ ವಿಚಾರಿಸಲಾಗಿದೆ.

ಕಾಗದದ ಅಂಚೆಯಲ್ಲಿ ವೆಚ್ಚವು ಕಳುಹಿಸುವವನದು; ಆದುದರಿಂದ ನಿರರ್ಥಕ ಪತ್ರಗಳಿಗೆ ಅಲ್ಲಿ ಒಂದು ಮಿತಿಯುಂಟು. ಮಿಂಚಂಚೆಯಲ್ಲಿ ಒಂದು ಪತ್ರಕ್ಕೂ ಲಕ್ಷ ಪತ್ರಗಳಿಗೂ ಕಳುಹಿಸುವವನಿಗೆ ವೆಚ್ಚದ ಭೇದವು ಅತ್ಯಲ್ಪ, ಹೊರೆಯೆಲ್ಲ ಪಡೆಯುವವನದು. ೧೯೭೮ರ ಮೇ ೩ರಂದು ಅಮೆರಿಕೆಯ ಅರ್ಪಾನೆಟ್ ಜಾಲದಲ್ಲಿ ಗ್ಯಾರಿ ಥ್ಯುಅರ್ಕ್ ಎಂಬುವನು ಸುಮಾರು ೪೦೦ ವಿಳಾಸಗಳಿಗೆ ಗಣಕಯಂತ್ರಗಳ ಜಾಹೀರಾತನ್ನು ಕಳುಹಿಸಿದುದೇ ಸ್ಪ್ಯಾಮ್ ಎಂದು ಕರೆಯಲ್ಪಡುವ ಅನಪೇಕ್ಷಿತ ಪತ್ರಗಳ ಆದಿಯೆಂದು ಸಾಮಾನ್ಯವಾಗಿ ಗಣಿಸುವರು. ಭಾರತದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ದೊರೆತುದು ೧೯೯೫ರ ಆಗಸ್ಟ್ ೧೫ರಂದು. ಉಪದ್ರವವೂ ಅದರೊಡನೆಯೇ ಒಳಬಂದಿತು.

ಪ್ರತೀಕಾರವಾಗಿ ೨೦೦೧ರಲ್ಲಿ ಜಸ್ಟಿನ್ ಮೇಸನ್ ಎಂಬುವನು ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶವನ್ನು ಪ್ರಕಟಿಸಿದನು. ಇದರ ಪದ್ಧತಿಯು ಪರೀಕ್ಷಕನ ಅಂಕಗಣನೆಯನ್ನು ಹೋಲುವುದು. ಒಂದೊಂದು ಲಕ್ಷಣಕ್ಕೂ ಒಂದೊಂದು ದೋಷಾಂಕ. ಮೊತ್ತವು ೫ನ್ನು ಮುಟ್ಟಿದರೆ ಪತ್ರವು ದುಷ್ಟವೆಂದು ತೀರ್ಮಾನ. ೧೭೬೩ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಥಾಮಸ್ ಬೇಯ್ಸನ ಸಂಭವಗಣಿತವೂ ಇದರೊಡನೆ ಸೇರಿತು. ಆ ಗಣಿತವು ಜಾಲಪತ್ರಗಳ ಶೋಧನೆಯಲ್ಲಿ ಪ್ರಸಿದ್ಧವಾದುದು ೨೦೦೨ರಲ್ಲಿ ಪಾಲ್ ಗ್ರಹಾಮನು ಬರೆದ ಪ್ರಬಂಧದಿಂದ. ಇದರಂತೆ ಯಾವ ಪದವು ದುಷ್ಟಪತ್ರಗಳಲ್ಲಿ ಎಷ್ಟು ಸಲ, ಶಿಷ್ಟಪತ್ರಗಳಲ್ಲಿ ಎಷ್ಟು ಸಲ ಬಂದಿತೆಂದು ಎಣಿಸಿ ಹೊಸ ಪತ್ರದ ಗುಣವನ್ನು ಊಹಿಸುವರು.

ಇಲ್ಲಿಯೇ ಕನ್ನಡಕ್ಕೆ ತೊಡಕು. ಈ ತಂತ್ರಾಂಶದ ಮೂರನೆಯ ಪರಂಪರೆಯ ಆವೃತ್ತಿಗಳಲ್ಲಿ ಭಾಷೆಯನ್ನು ಗುರುತಿಸುವ ಅಂಗವೊಂದುಂಟು. ಅದರ ಕೈಪಿಡಿಯ ಭಾಷಾಪಟ್ಟಿಯಲ್ಲಿ ಸಂಸ್ಕೃತ, ಹಿಂದಿ, ಮರಾಠಿ, ತಮಿಳುಗಳಿವೆ, ಕನ್ನಡವಿಲ್ಲ. ಕನ್ನಡವು ಗ್ರಾಹ್ಯವೆಂದು ಬರೆಯಬಯಸುವ ವ್ಯವಸ್ಥಾಪಕನಿಗೆ ಬರೆಯಲು ಹೆಸರೇ ದೊರೆಯದು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಯೂನಿಕೋಡಿನ ಯುಟಿಎಫ್-೮ ರೂಪದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದೊಂದು ವರ್ಣಚಿಹ್ನೆಗೂ ಮೂರು ಬೇಕು. ಹೊನವಾಡವೆಂಬ ಹೆಸರಿನಲ್ಲಿ ಹ, ಒತ್ವ, ನ, ವ, ದೀರ್ಘ, ಡ ಎಂದು ಆರು ಚಿಹ್ನೆಗಳು, ಅಂದರೆ ೧೮ ಬೈಟುಗಳು. ಮೇಲಿನ ಆವೃತ್ತಿಗಳ ಪದಗಣಕವಾದರೋ ೧೫ ಬೈಟುಗಳನ್ನು ಮೀರಿದ ಇಂಥ ಪದವನ್ನು ಇಡಿಯಾಗಿ ಸ್ವೀಕರಿಸದೆ ಚೂರುಗಳಾಗಿ ಒಡೆಯುವುದು. ರೋಮನ್ ಲಿಪಿಯಲ್ಲಿ ಬರೆದ ಹೊನವಾಡವು ಅಖಂಡವಾಗಿ ಉಳಿಯುವುದು. ಸ್ವಲಿಪಿಯಲ್ಲಿ ಬರೆದುದು ಭಗ್ನವಾಗುವುದು. ಎಲ್ಲ ಕನ್ನಡ ಚಿಹ್ನೆಗಳಿಗೂ ಮೊದಲ ಬೈಟು ಒಂದೇ, ಎರಡನೆಯದು ಎರಡೇ ಬಗೆ. ಆದುದರಿಂದ ಆ ಚೂರುಗಳು ಬಹುಮಟ್ಟಿಗೆ ಎಲ್ಲ ಕನ್ನಡ ಪತ್ರಗಳಿಗೂ ಸಮಾನ. ಜರಡಿಗೆ ಕನ್ನಡದ ದುಷ್ಟಪತ್ರಗಳನ್ನು ಮಾತ್ರ ತೋರಿಸಿ ಶಿಷ್ಟಪತ್ರಗಳನ್ನು ತೋರಿಸದಿದ್ದರೆ, ಜಾಹೀರಾತಿನ ಕಳಂಕವು ವಿದ್ವತ್ಪತ್ರಕ್ಕೂ ತಗಲುವುದು. ಭಾಷೆಯನ್ನರಿಯದವನು ಕಲ್ಲಿನ ಮೇಲಿನ ಗೆರೆಗಳನ್ನೆಣಿಸಿ ಶಾಸನವು ಕೂಟವೆಂದು ನಿರ್ಣಯಿಸಿದಂತೆ ಇದು.

ಪರಿಹಾರವು ಅಸಾಧ್ಯವಲ್ಲ. ಪತ್ರದ ಶಿರೋಲೇಖದಲ್ಲಿ ಯಾವ ನಿಯಮವು ತಗಲಿತೆಂಬುದನ್ನು ಜರಡಿಯೇ ಬರೆದಿಡುವುದು. ಮೊದಲು ಅದನ್ನು ಓದಬೇಕು. ದೋಷವನ್ನರಿಯದೆ ೫ರ ಮಿತಿಯನ್ನು ಏರಿಸುವುದು ಬಾಗಿಲನ್ನೇ ಕಿತ್ತಂತೆ. ಬೇಯ್ಸನ ಗಣಿತವು ತಪ್ಪಿದ್ದರೆ, ಶಿಷ್ಟವಾದ ಕನ್ನಡ ಪತ್ರಗಳನ್ನು ಅದಕ್ಕೆ ಕಲಿಸಬೇಕು. ಎರಡು ಬಗೆಯವೂ ತಲಾ ೨೦೦ ಪತ್ರಗಳಾಗುವವರೆಗೆ ಆ ಗಣಿತವು ತೀರ್ಪು ಕೊಡದು. ಪರಿಚಿತ ಸಂಸ್ಥೆಗಳ ವಿಳಾಸಗಳನ್ನು ಗ್ರಾಹ್ಯರ ಪಟ್ಟಿಗೆ ಸೇರಿಸಬೇಕು. ೨೦೨೨ರ ಡಿಸೆಂಬರಿನಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯು ಯೂನಿಕೋಡ್ ಬರೆಹವನ್ನು ಗ್ರಹಿಸುವ ಕ್ರಮವನ್ನು ಸುಧಾರಿಸಿತು. ಹಳೆಯದನ್ನು ಬಿಟ್ಟು ಅದನ್ನು ಸ್ಥಾಪಿಸುವುದು ಯುಕ್ತ.

ದುಷ್ಟಪತ್ರವೊಂದು ಒಳನುಸುಳಿದರೆ ಆಗುವ ನಷ್ಟವು ಬಹುಮಟ್ಟಿಗೆ ಕ್ಷಣಕಾಲದ ಬೇಸರ. ಶಿಷ್ಟಪತ್ರವು ಸೋಸಿಹೋದರೆ ಕಳುಹಿಸಿದವನಿಗೂ ಪಡೆಯಬೇಕಾದವನಿಗೂ ಅದರ ಅರಿವೇ ಆಗದು. ಪೊನ್ನವಾಡದ ಲೇಖವು ಕಲ್ಲಿನಲ್ಲಿದ್ದುದರಿಂದ, ಓದಬಲ್ಲವರು ಬರುವವರೆಗೆ ಶತಮಾನಗಳ ಕಾಲ ಕಾದಿತು. ಮಿಂಚಂಚೆಯ ಓಲೆಗೆ ಆ ಕಾಯುವಿಕೆಯಿಲ್ಲ. ಹಲವೆಡೆ ಮೂವತ್ತು ದಿನಗಳಲ್ಲಿ ಅದು ಅಳಿಸಿಹೋಗುವುದು. ಆದುದರಿಂದ ಜರಡಿಗೆ ಕನ್ನಡವನ್ನು ಕಲಿಸುವ ಕಾರ್ಯವು ಯಂತ್ರಜ್ಞರಿಗೆ ಮಾತ್ರ ಸೇರಿದುದಲ್ಲ; ಶಿಷ್ಟವಾದ ಕನ್ನಡವು ಯಾವುದೆಂದು ತೋರಿಸಿಕೊಡಬಲ್ಲ ವಿದ್ವಜ್ಜನರಿಗೂ ಅದು ಸೇರಿದುದು.