ಊರ್ತ್ ನದಿಯ ದುರ್ಬುಯಿ: ಸನ್ನದಿನಿಂದಾದ ನಗರ

ಬೆಲ್ಜಿಯಂನ ಆಗ್ನೇಯದಲ್ಲಿ, ಆರ್ಡೆನ್ ಬೆಟ್ಟಸೀಮೆಯ ಅಂಚಿಗೆ, ಊರ್ತ್ ನದಿಯ ತಿರುವಿನಲ್ಲಿ ದುರ್ಬುಯಿ ಇದೆ. ಹಳೆಯ ಊರಿನಲ್ಲಿ ವಾಸವಿರುವವರು ಕೆಲವೇ ನೂರು ಮಂದಿ. ನಮ್ಮ ಕಡೆಯಾದರೆ ಹಳ್ಳಿಯೆಂದೇ ಲೆಕ್ಕ. ಆದರೂ ಅದು ತನ್ನನ್ನು ‘ಜಗತ್ತಿನ ಅತಿ ಚಿಕ್ಕ ನಗರ’ವೆಂದು ಕರೆದುಕೊಳ್ಳುತ್ತದೆ. ಕ್ರೊಯೇಷಿಯಾದ ಹುಮ್ ಕೂಡ ಇಂಥದೇ ಬಿರುದು ಹೊತ್ತಿದೆ. ಈ ಪೈಪೋಟಿಯನ್ನು ಪ್ರವಾಸಿ ಕೈಪಿಡಿಗಳಿಗೆ ಬಿಡೋಣ. ಇಷ್ಟು ಚಿಕ್ಕ ಊರು ನಗರವಾದದ್ದಾದರೂ ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಲಕ್ಸೆಂಬರ್ಗಿನ ಕೌಂಟನೂ ಬೊಹೀಮಿಯಾದ ದೊರೆಯೂ ಆಗಿದ್ದ ಜಾನ್, 1331ರಲ್ಲಿ ದುರ್ಬುಯಿಗೆ ನಗರದ ಹಕ್ಕುಗಳನ್ನು ದಯಪಾಲಿಸಿದ. ಚರಿತ್ರೆಯಲ್ಲಿ ಅವನು ‘ಕುರುಡ ಜಾನ್’; ಆದರೆ ಈ ಸನ್ನದಿನ ಕಾಲಕ್ಕೆ ಅವನಿಗೆ ಕಣ್ಣು ಕಾಣುತ್ತಿತ್ತು. ದೃಷ್ಟಿ ಹೋದದ್ದು ಆಮೇಲೆ, 1346ರ ಕ್ರೆಸಿ ಕಾಳಗದಲ್ಲಿ ಮಡಿಯುವ ಹೊತ್ತಿಗೆ ಪೂರ್ತಿ ಕುರುಡ. ಮಧ್ಯಯುಗದ ಯುರೋಪಿನಲ್ಲಿ ನಗರವೆಂದರೆ ತಲೆಯೆಣಿಕೆಯಲ್ಲ, ಒಡೆಯನಿಂದ ಬಂದ ಸ್ಥಾನಮಾನ: ಸಂತೆ ಕಟ್ಟುವ, ನ್ಯಾಯ ನಡೆಸುವ, ಸುತ್ತ ಗೋಡೆ ಎಬ್ಬಿಸುವ ಅಧಿಕಾರ. ನಮ್ಮ ಶಾಸನಗಳ ‘ನಖರ’, ‘ಪಟ್ಟಣಸ್ವಾಮಿ’ಗಳನ್ನು ಬಲ್ಲವರಿಗೆ ಈ ಮಾತು ತೀರ ಹೊಸದಲ್ಲ. ಅಲ್ಲಿಯೂ ನಖರವೆಂದರೆ ವರ್ತಕರ ಸಮೂಹವೇ ಹೊರತು ಮನೆಗಳ ಗುಂಪಲ್ಲ. ದುರ್ಬುಯಿಯ ಸಂತೆಗೆ ಸಾಕ್ಷಿಯಾಗಿ ಹಳೆಯ ಕಾಳಿನ ಮಂಡಿ ಇನ್ನೂ ನಿಂತಿದೆ. ಮರದ ಚೌಕಟ್ಟು ಕಟ್ಟಿ, ಸಂದುಗಳನ್ನು ತುಂಬಿ ಎಬ್ಬಿಸಿದ ಕಟ್ಟಡ. ಗೋಡೆಯ ಮೇಲೆ ತೊಲೆಗಳು ಎಲುಬಿನಂತೆ ಎದ್ದು ಕಾಣುತ್ತವೆ.

ಹಕ್ಕು ಸಿಕ್ಕಿತು, ಊರು ಬೆಳೆಯಲಿಲ್ಲ. ಇದಕ್ಕೆ ನೆಲದ ಗುಣವೂ ಕಾರಣವೆಂಬುದು ನನ್ನ ಎಣಿಕೆ. ಒಂದೆಡೆ ನದಿ, ಇನ್ನೊಂದೆಡೆ ಕಡಿದಾದ ಬೆಟ್ಟ. ನಡುವೆ ಉಳಿದದ್ದು ಕೆಲವು ಕಿರುಗಲ್ಲಿಗಳಿಗೆ ಸಾಲುವಷ್ಟು ಜಾಗ. ಹತ್ತಿರದಲ್ಲೇ ಸುಣ್ಣಕಲ್ಲಿನ ಬಂಡೆಯೊಂದಿದೆ. ಅದರ ಪದರಗಳು, ಚಾಪೆಯನ್ನು ಎರಡೂ ಕಡೆಯಿಂದ ಒತ್ತಿದರೆ ನಡು ಉಬ್ಬುವಂತೆ, ಕಮಾನಾಗಿ ಬಾಗಿವೆ. ಭೂವಿಜ್ಞಾನಿ ದೊಮಾಲಿಯುಸ್ ದಾಲ್ವಾ (1783–1875) ಅವರ ಹೆಸರು ಆ ಬಂಡೆಗಿದೆ. ಕೋಟೆಗೆ ಹೇಳಿಮಾಡಿಸಿದ ನದಿ-ಬೆಟ್ಟಗಳ ನಡುವಿನ ಈ ಇಕ್ಕಟ್ಟು ಪೇಟೆಗೆ ಒದಗಿಬರಲಿಲ್ಲ.

1977ರಲ್ಲಿ ಬೆಲ್ಜಿಯಂ ತನ್ನ ಸ್ಥಳೀಯ ಆಡಳಿತ ಘಟಕಗಳನ್ನು ವಿಲೀನಗೊಳಿಸಿದಾಗ ಸುತ್ತಲಿನ ಹಲವು ಊರುಗಳು ದುರ್ಬುಯಿಯ ಹೆಸರಿನಡಿ ಬಂದವು. ಹೀಗೆ ‘ಅತಿ ಚಿಕ್ಕ ನಗರ’ದ ಪುರಸಭೆಗೆ ಇಂದು ಸುಮಾರು 11,000 ನಿವಾಸಿಗಳು. ಅದರ ಆಡಳಿತ ಕಚೇರಿ ಇರುವುದು ಮಾತ್ರ, ಸನ್ನದು ಪಡೆದ ಊರಿನಲ್ಲಲ್ಲ, ಪಕ್ಕದ ಬಾರ್ವೋದಲ್ಲಿ.